ಊರೂರ ನೀರಿನಲ್ಲಿ ಬೆಂದ ಬೇಳೆ

ಹೆಂಗಸಿಗೆ ಗಂಡನ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಬೇರೇನೂ ಸಿಗದಿದ್ದರೂ ಅಡಿಗೆಮನೆಯಂತೂ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದೂ ಅರ್ಧವೇ ಸಿಕ್ಕಿತು. ಉಳಿದರ್ಧ ಒಂದು ಕಂಪನಿಯದು. ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಕಂಪನಿಯ ತೊಗರಿಬೇಳೆ ಉಂಡೇ ನನ್ನ ಮಕ್ಕಳು ಬೆಳೆದದ್ದು. ಅದರ ಮೇಲೆ ನನಗಿರುವಷ್ಟು ಅಭಿಮಾನ ಅದರ ಮಾಲೀಕರಿಗೂ ಇದೆಯೋ ಇಲ್ಲವೋ. ಮಾಲೀಕರೆಂದರೆ ನನ್ನ ಗಂಡ. ಆದರೆ ಅಭಿಮಾನ ಎಷ್ಟಿದ್ದರೂ ರೊಟ್ಟಿ ಬಡಿಯಲು ಮೊಣಕೈ ಆಡಿಸುವಷ್ಟು ಜಾಗ ಬೇಕಲ್ಲ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಚಮಚ ಹಿಡಿಯುವುದು, ಮೆಲ್ಲಗೆ ಮಾತಾಡುವುದು, ಬೇಡದ್ದನ್ನು ಕೊಟ್ಟರೂ ನಗುತ್ತ ತೆಗೆದುಕೊಳ್ಳುವುದು, ಇವಿಷ್ಟನ್ನು ಸಿಸ್ಟರುಗಳು ಚೆನ್ನಾಗಿಯೇ ಕಲಿಸಿದ್ದರು. ಮದುವೆಯಾಗಿ ಆಳಂದಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಯಾರಿ ಅಡಿಗೆಮನೆಗೆ ಹೋದೆ. ಸಾಲಾಗಿ ಮೂರು ಕೊಡ. ನಡುವಿನದರಲ್ಲಿ ತಂಬಿಗೆ ಅದ್ದಿ ಗಟಗಟ ಕುಡಿದೆ. ನಾಲಿಗೆಯ ಮೇಲೆ ಯಾರೋ ಹಲ್ಲುಪುಡಿ ಸುರಿದಂತಾಯಿತು. ಅಷ್ಟರಲ್ಲಿ ಅತ್ತೆಯವರು ಓಡಿಬಂದರು.

"ಅಯ್ಯ ತಂಗಿ, ಅದು ಜೇವರ್ಗಿ! ಜೇವರ್ಗಿ ಯಾಕ ಕುಡದಿ? ಈ ಕಡಿಂದು ಆಳಂದ, ಅದನ್ನ ಕುಡಿ!"

ಬಂದ ಮನೆಯಲ್ಲಿ ಮೊದಲ ಬೆಳಿಗ್ಗೆಯೇ ಒಂದು ತಾಲೂಕು ನುಂಗಿದ ಸೊಸೆ ನಾನು. "ಚಲೋ ಅದ್ರಿ ಅತ್ತಿ, ರುಚಿ ಅದ" ಎಂದು ನಕ್ಕೆ.

ಆ ಕೊಡಗಳ ಕಥೆ ಹೀಗೆ. ಶುರುವಿನಲ್ಲಿ ಕಂಪನಿ ಎಂದರೆ ಅತ್ತೆಯವರ ಬೀಸುಕಲ್ಲು ಮತ್ತು ಮಾವನವರ ಸೈಕಲ್ಲು, ಇಷ್ಟೇ. ಅವರು ಬೇಳೆ ಒಡೆಯಬೇಕು, ಇವರು ಸಂತೆಗೆ ಒಯ್ಯಬೇಕು. ಆಮೇಲೆ ಬಸ್ಸಿನ ಮೇಲೆ ಚೀಲ ಹಾಕಿಕೊಂಡು ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ಹೋಗತೊಡಗಿದರು. ಜೇವರ್ಗಿಯ ಒಬ್ಬ ಖಾನಾವಳಿ ಅಮ್ಮ ಎರಡನೆಯ ಸಲ ಹೋದಾಗ ಚೀಲವನ್ನು ಬಾಗಿಲಲ್ಲೇ ತಡೆದಳಂತೆ. "ಏನ್ ಸಾವ್ಕಾರ್ರ, ಬ್ಯಾಳಿ ತಂದೀರೋ ಖಡಿಕಲ್ಲು ತಂದೀರೋ? ಮುಂಜಾನಿ ಒಲಿ ಮ್ಯಾಲ ಇಟ್ಟದ್ದು ಗಿರಾಕಿ ಉಂಡು ಹೋದ್ರೂ ಬೇಯವಲ್ದು!" ಅದೇ ಬೇಳೆ ಆಳಂದದಲ್ಲಿ ಬೆಣ್ಣೆಯಂತೆ ಬೆಂದಿತ್ತು. ಬೇರೆಯವರಾಗಿದ್ದರೆ ಜಗಳ ಮಾಡಿ ಬರುತ್ತಿದ್ದರು. ಮಾವನವರು ಆಕೆಯಿಂದಲೇ ಒಂದು ಕೊಡ ಬಾವಿಯ ನೀರು ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಅರ್ಧ ಚೆಲ್ಲಿಕೊಂಡು ಮನೆಗೆ ಬಂದರು. ಅತ್ತೆಯವರು ಆ ನೀರಿನಲ್ಲಿ ಬೇಯಿಸಿದರು. ಬೇಯಲಿಲ್ಲ. ತಪ್ಪು ಬೇಳೆಯದಲ್ಲ, ಆ ಬಾವಿಯ ಗಡಸು ನೀರಿನದು. ಆದರೆ ಮಾವನವರು, "ನೀರು ಬದಲಿ ಮಾಡ್ರಿ ಅಂತ ಗಿರಾಕಿಗೆ ಹೇಳಾಕ ಬರತದೇನು? ಬ್ಯಾಳಿ ಬದಲಿ ಮಾಡೋಣ" ಅಂದರು. ಅವತ್ತಿನಿಂದ ಯಾವ ಊರಿಗೆ ಬೇಳೆ ಹೋಗಬೇಕೋ ಆ ಊರ ನೀರಿನಲ್ಲಿ ಬೆಂದ ಮೇಲೆಯೇ ಚೀಲದ ಬಾಯಿ ಹೊಲಿಯುವುದು ನಮ್ಮಲ್ಲಿ ಪದ್ಧತಿ. ಬೇಗ ಬೇಯುವ ತೊಗರಿ ಗಡಸು ನೀರಿನ ಊರಿಗೆ, ಉಳಿದದ್ದು ಸಿಹಿನೀರಿನ ಊರಿಗೆ.

ಉಳಿದವರು ತಮ್ಮ ಕಂಪನಿಯ ಬೆಳವಣಿಗೆಯನ್ನು ಲಾಭದಲ್ಲಿ ಅಳೆಯುತ್ತಾರೆ. ನಾನು ನನ್ನ ಅಡಿಗೆಮನೆಯಲ್ಲಿ ಅಳೆದೆ. ಬೀಸುಕಲ್ಲು ಹೋಗಿ ಮಶಿನ್ ಬಂತು, ಊರ ಹೊರಗೆ ಮಿಲ್ಲಾಯಿತು, ಸೈಕಲ್ಲು ಟೆಂಪೋ ಆಗಿ ಟೆಂಪೋ ಲಾರಿಯಾಯಿತು. ಕೊಡಗಳು ಪ್ಲಾಸ್ಟಿಕ್ ಕ್ಯಾನುಗಳಾದವು. ಸೊಲ್ಲಾಪುರಕ್ಕೆ ಮಾಲು ಹೋಗತೊಡಗಿದಾಗ ಒಂದು ಕ್ಯಾನು ಹೆಚ್ಚಾಯಿತು, ಹೈದರಾಬಾದಿಗೆ ಹೋದಾಗ ಇನ್ನೊಂದು. ಸರಕಾರ ಯಡ್ರಾಮಿಯನ್ನು ಜೇವರ್ಗಿಯಿಂದ ಬೇರೆ ಮಾಡಿ ತಾಲೂಕು ಎಂದು ಸಾರಿದಾಗ ಅತ್ತೆಯವರು, "ಪಾಪ, ಅದಕ್ಕೂ ಒಂದು ಬ್ಯಾರೆ ಇರಲಿ" ಎಂದು ಫ್ರಿಜ್ಜಿನ ಪಕ್ಕ ಜಾಗ ಮಾಡಿಕೊಟ್ಟರು. ಮಿಲ್ಲಿನಲ್ಲಿ ಈಗ ಕಪ್ಪು ಕಾಳನ್ನು ತಾನೇ ಹೆಕ್ಕಿ ಊದಿ ಎಸೆಯುವ ಮಶಿನ್ ಇದೆ. ಅದರ ಮುಂದೆ ನಿಂತರೆ ನನಗೆ ಈಗಲೂ ಕಣ್ಣು ಕೀಳಲಾಗದು. ಪಾಕೀಟಿನ ಮೇಲೆ ಬೀಸುಕಲ್ಲಿನ ಚಿತ್ರವಿದೆ, ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬೀಸುಕಲ್ಲೇ ಇದೆ. ಬಂದವರೆಲ್ಲ ಅದಕ್ಕೆ ಕೈಮುಗಿಯುತ್ತಾರೆ. ಅತ್ತೆಯವರು ಮಾತ್ರ ನನ್ನ ಕಿವಿಯಲ್ಲಿ, "ನಂದು ಯಾವಾಗೋ ಸೀಳಿ ಹೋಗ್ಯಾದ ಬೇ. ಇದು ಯಾರ ಮನೀದೋ ಏನೋ!" ಅನ್ನುತ್ತಾರೆ.

ಇಷ್ಟೆಲ್ಲ ಬದಲಾದರೂ ನೀರಿನ ಪದ್ಧತಿ ಮಾತ್ರ ಬದಲಾಗಲಿಲ್ಲ, ಅದು ನಡೆಯುವ ಜಾಗವೂ ಬದಲಾಗಲಿಲ್ಲ. ನಮ್ಮ ಡ್ರೈವರ್ ಮೈಬೂಬ ಲಾರಿ ಇಳಿದವನೇ ಹಿತ್ತಿಲ ಬಾಗಿಲಲ್ಲಿ, "ಭಾಭಿ, ಅಫಜಲಪುರ ತಂದೀನ್ರಿ, ಎಲ್ಲಿ ಇಡ್ಲಿ?" ಎಂದು ಕೂಗುತ್ತಾನೆ. ಆ ನೀರಿನಲ್ಲಿ ಬೇಳೆ ಬೇಯಿಸಿ, ಹಿಚುಕಿ ನೋಡಿ ಪಾಸೋ ಫೇಲೋ ಹೇಳುವವಳು ನಾನು, ಬೆಂದದ್ದು ಮನೆಯವರ ಊಟಕ್ಕೆ. ನಾವು ಊಟಕ್ಕೆ ಕೂತರೆ "ಇವತ್ತು ಯಾವ ಊರು?" ಎನ್ನುವುದೇ ಮಾತು. ನನ್ನ ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಟೀಚರ್ "ಮಧ್ಯಾಹ್ನ ಏನು ಉಂಡೆ?" ಎಂದರೆ "ಜೇವರ್ಗಿ" ಅಂದಿದ್ದಳು. ಟೀಚರ್ ನನ್ನನ್ನು ಕರೆಸಿ, ಮಗುವಿಗೆ ಮನೆಯಲ್ಲಿ ಊಟ ಸರಿಯಾಗಿ ಕೊಡುತ್ತೀರಲ್ಲವೇ ಎಂದು ಬಹಳ ಮೃದುವಾಗಿ ವಿಚಾರಿಸಿದರು.

ಹೀಗಿರುವಾಗ ಈ ವರ್ಷ ನನಗೊಂದು ಆಸೆ ಹುಟ್ಟಿತು. ಹೊಸ ನಮೂನೆಯ ಅಡಿಗೆಮನೆ. ಬೆರಳಿನಿಂದ ಮುಟ್ಟಿದರೆ ಸದ್ದಿಲ್ಲದೆ ಒಳಗೆ ಸರಿಯುವ ಡ್ರಾಯರು, ಮೂಲೆಯಿಂದ ತಿರುಗಿ ಹೊರಬರುವ ಕಪಾಟು. ಅಳತೆಗೆ ಬಂದ ಬಡಿಗ ಕ್ಯಾನುಗಳನ್ನು ನೋಡಿ ತಲೆ ಕೆರೆದುಕೊಂಡ. "ಅಕ್ಕಾರ, ಒಂದಾ ಇವು ಇರಬೇಕು, ಇಲ್ಲಾ ಕಪಾಟು ಇರಬೇಕು. ಎರಡೂ ಕೂಡಂಗಿಲ್ರಿ."

ಗಂಡನಿಗೆ ಹೇಳಿದೆ. ಲಾರಿಗಳನ್ನು, ಮಿಲ್ಲನ್ನು, ಅಷ್ಟು ಜನ ಕೆಲಸಗಾರರನ್ನು ನಿಭಾಯಿಸುವವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, "ನೀರಿನ ಖಾತೆ ಅವ್ವಂದು. ನೀನೇ ಕೇಳು" ಅಂದರು. ಕ್ಯಾನು ತೆಗೆಯಿರಿ ಎಂದರೆ ಆ ಮುದುಕಿಗೆ ಹೇಗನ್ನಿಸೀತು? ಮಾವನವರು ತೊಡೆಯ ಮೇಲಿಟ್ಟುಕೊಂಡು ತಂದ ಕೊಡದ ಪದ್ಧತಿ ಅದು. ನಾನು ಎಷ್ಟೋ ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಕೊನೆಗೆ ಒಂದು ಮಧ್ಯಾಹ್ನ ಅವರ ಕಾಲು ಒತ್ತುತ್ತ ಹೇಳಿಯೇಬಿಟ್ಟೆ.

ಅತ್ತೆಯವರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಅಲ್ಲ ಬೇ, ನಿನಗ ಬ್ಯಾಸರಾಗಿತ್ತೇನು? ಮಿಲ್ಲ ಕಟ್ಟಿದಾಗೇ ಈ ನೀರಿಗೆ ಅಲ್ಲೊಂದು ಖೋಲಿ ಮಾಡೋಣು ಅಂತ ನಿಮ್ಮ ಮಾವ ಅಂದಿದ್ರು. ನಾನೇ ಬ್ಯಾಡಂದೆ. ಸೊಸಿ ಜೇವರ್ಗಿ ನೀರು ಕುಡದು ಚಲೋ ಅದ ಅಂತಾಳ, ಅಕೀಗಿ ಇದರಾಗ ಭಾಳ ಖುಷಿ, ಅಕೀ ಕೈಯಿಂದ ಕಸಗೊಳ್ಳಬ್ಯಾಡ್ರಿ ಅಂದೆ!"

ಕಾನ್ವೆಂಟಿನ ನಯವಿನಯಕ್ಕೆ ಅಷ್ಟು ವರ್ಷ ನಾನು ತೆತ್ತದ್ದು ಅರ್ಧ ಅಡಿಗೆಮನೆ.

ನಮ್ಮ ಕಂಪನಿ ಇಷ್ಟು ದೊಡ್ಡದಾದದ್ದು ಹೇಗೆಂದು ನನಗೆ ಅವತ್ತು ತಿಳಿಯಿತು. ಸಂಜೆ ಚಹಾ ಆರುವುದರೊಳಗೆ ಅತ್ತೆಯವರು ಮಗನನ್ನು ಎದುರು ಕೂರಿಸಿಕೊಂಡು ಎಲ್ಲ ತೀರ್ಮಾನ ಮಾಡಿದ್ದರು. ಮಿಲ್ಲಿನಲ್ಲಿ ಖೋಲಿ, ಅದರೊಳಗೆ ಕಟ್ಟೆ, ಒಲೆ, ಊರಿಗೊಂದು ಕುಕ್ಕರ್. ಪದ್ಧತಿಯ ಒಂದು ಎಳೆಯೂ ಹರಿಯಲಿಲ್ಲ, ಜಾಗ ಮಾತ್ರ ಬದಲಾಯಿತು.

"ಎಲ್ಲ ಆತು. ಬೆಂದದ್ದು ಹಿಚುಕಿ ನೋಡಿ ಪಾಸು ಫೇಲು ಹೇಳವರು ಯಾರು?" ಎಂದು ನಮ್ಮವರು ಕೇಳಿದರು.

"ಯಾರಂದ್ರ? ಇಷ್ಟು ದಿನ ಹೇಳದಕೀನೇ. ಮುಂಜಾನಿ ಲಾರಿ ಲೋಡ್ ಆಗೂದ್ರಾಗ ಅಲ್ಲಿರಬೇಕು. ಅಕೀಗೊಂದು ಕುರ್ಚಿ ಹಾಕಸು, ಬೋರ್ಡ್ ಬರಸು, ಪಗಾರ ಕೊಡು. ಪುಗಸಟ್ಟೆ ದುಡಿಸಿದ್ದು ಸಾಕು."

ನಾನು ಬಾಯಿ ತೆರೆದೆ. ಬೇಡ ಎನ್ನಲೆಂದೇ ತೆರೆದದ್ದು. ಹೊರಬಂದದ್ದು, "ಆಯ್ತ್ರಿ ಅತ್ತಿ."

ಈಗ ನನ್ನ ಮನೆಯಲ್ಲಿ ಸೊಗಸಾದ ಅಡಿಗೆಮನೆ ಇದೆ. ಡ್ರಾಯರು ಸದ್ದಿಲ್ಲದೆ ಸರಿಯುತ್ತವೆ, ಕಪಾಟು ತಿರುಗಿ ಬರುತ್ತದೆ ಎಂದು ಕೇಳಿದ್ದೇನೆ. ನನಗೆ ಸರಿಯಾಗಿ ನೋಡಲು ಪುರಸೊತ್ತಿಲ್ಲ. ಬೆಳಗಾದರೆ ಟಿಫಿನ್ ಡಬ್ಬಿ ಹಿಡಿದು ಮಿಲ್ಲಿಗೆ ಓಡುತ್ತೇನೆ. ಅಲ್ಲಿ ಆರು ಊರಿನ ಕುಕ್ಕರುಗಳ ನಡುವೆ ಕೂತು ಬೇಳೆ ಹಿಚುಕುತ್ತಿರುವಾಗ ಗಂಡನ ಫೋನು ಬರುತ್ತದೆ. "ಸಕ್ಕರಿ ಯಾವ ಡ್ರಾಯರಿನ್ಯಾಗ ಇಟ್ಟೀದಿ? ಎಲ್ಲಾ ಒಂದೇ ಥರ ಅವ, ಒಂದೂ ಸಿಗವಲ್ದು."

ನನಗೂ ಗೊತ್ತಿಲ್ಲ. ಆದರೆ ಹಾಗೆಂದು ಹೇಳುವುದು ಹೇಗೆ? "ಈಗ ಯಡ್ರಾಮಿ ಸೀಟಿ ಹೊಡಿಲಿಕತ್ತದ, ಆಮ್ಯಾಲ ಮಾತಾಡ್ತೀನ್ರಿ" ಎಂದು ಫೋನಿಡುತ್ತೇನೆ.