ಭಾನುವಾರ ಯುರೋಪು, ಸೋಮವಾರ ಬಿಪಿ

ಸಿಟ್ಟು ಬರುವ ಸಂಗತಿಗಳನ್ನು ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಬಿಟ್ಟರೂ ಅವು ನನ್ನನ್ನು ಬಿಡಬೇಕಲ್ಲ. ಭಾನುವಾರ ಬಂತೆಂದರೆ ಬಾಗಿಲಲ್ಲಿ ಚಪ್ಪಲಿ ಕಳಚಿ, ಕೈಯಲ್ಲಿ ಬೈಬಲ್ ಹಿಡಿದು, ಸೀದಾ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತವೆ.

ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತಳಾದವಳು. ಮಾರ್ಕಿಗಾಗಿ ಕಲಿಸಿದ್ದು ಸಾಕು, ನಮ್ಮ ಕ್ರೈಸ್ತ ಮಂದಿಯ ಜೊತೆ ಕೂತು ಪಶ್ಚಿಮದ ಇತಿಹಾಸವನ್ನು ನಮ್ಮ ವಿಶ್ವಾಸದ ಕಣ್ಣಿನಿಂದ ಓದೋಣ, ನಮ್ಮವರು ಮಾಡಿದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಮುಚ್ಚಿಡದೆ ನೋಡೋಣ ಎಂದು ಒಂದು ಮನೆಗುಂಪು ಕಟ್ಟಿದೆ. ಒಂದು ವಾರ ಹೊನ್ನಾವರ, ಒಂದು ವಾರ ಭಟ್ಕಳ, ಒಂದು ವಾರ ಕುಮಟೆ. ಬಸ್ಸಿನಲ್ಲಿ ನಿಂತು ಹೋಗಿ ಬರುವುದಕ್ಕೆ ನನಗೆ ಬೇಸರವಿಲ್ಲ. ಹೋದಲ್ಲಿ ಕೇಳಬೇಕಾದ ಮಾತುಗಳಿಗೆ ಮಾತ್ರ ಮೈ ಉರಿಯುತ್ತದೆ.

ಕಣ್ಣಾರೆ ಕಂಡವರು

ನಮ್ಮ ಗುಂಪಿನಲ್ಲಿ ಹಡಗಿನಲ್ಲಿ ಕೆಲಸ ಮಾಡಿ ಬಂದ ಒಬ್ಬ ಅಂಕಲ್ ಇದ್ದಾರೆ. ನಾನು ಯಾವ ಊರಿನ ಹೆಸರು ತೆಗೆದರೂ ಅವರ ಕೈ ಮೇಲೇಳುತ್ತದೆ. "ಟೀಚರ್, ಅದು ನಾನು ನೋಡಿದ ಜಾಗ."

ಮೊದಲ ಪಾಠವೇ ರೋಮನ್ ಚಕ್ರವರ್ತಿ ಕ್ರೈಸ್ತನಾದದ್ದು. ಅಲ್ಲಿಯವರೆಗೆ ಹೊಡೆಸಿಕೊಳ್ಳುತ್ತಿದ್ದವರ ಕೈಗೆ ಒಮ್ಮೆಲೇ ದೊಣ್ಣೆ ಬಂತು. ಅದರಿಂದ ಕ್ರೈಸ್ತ ಸಭೆಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಹೇಳಿ ಎಂದೆ. ಕಷ್ಟದ ಪ್ರಶ್ನೆ. ಯಾರಾದರೂ ಯೋಚಿಸಲಿ ಎಂದು ಸುಮ್ಮನೆ ಕಾದೆ. ಅಂಕಲ್ ಕೈ ಎತ್ತಿದರು. ಆ ಚಕ್ರವರ್ತಿ ಕಟ್ಟಿಸಿದ ಪಟ್ಟಣ ಎಷ್ಟು ಚಂದ, ಅಲ್ಲಿಯ ಸಮುದ್ರ ಎಷ್ಟು ಇಕ್ಕಟ್ಟು, ಹಡಗು ಹೇಗೆ ಮೆಲ್ಲಗೆ ನುಸುಳಬೇಕು ಎಂದು ಶುರು ಮಾಡಿದವರು ಚಾ ಬರುವವರೆಗೂ ನಿಲ್ಲಿಸಲಿಲ್ಲ.

ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. "ಅಂಕಲ್, ಅಷ್ಟೆಲ್ಲ ನೋಡಿದ್ದೀರಲ್ಲ, ಅಲ್ಲಿಯ ದೊಡ್ಡ ಇಗರ್ಜಿಯ ಗುಮ್ಮಟ ನೋಡಿದ್ರಾ?" ಎಂದೆ.

"ಇಲ್ಲ ಟೀಚರ್."

"ಯಾಕೆ?"

"ಹಡಗು ಅಲ್ಲಿ ದಾಟೂವಾಗ ನಾನು ಕೆಳಗೆ ಎಂಜಿನ್ ರೂಮಲ್ಲಿದ್ದೆ."

ಅಡುಗೆ ಕ್ಲಾಸು

ಜೆರುಸಲೇಮಿಗಾಗಿ ನಡೆದ ಧರ್ಮಯುದ್ಧಗಳ ಪಾಠ ಭಟ್ಕಳದಲ್ಲಿ ಬಿತ್ತು. ಅಲ್ಲಿ ನಮಗೆ ಮನೆ ಕೊಡುವವಳು ಆಸ್ಪತ್ರೆಯ ನರ್ಸು. ಪಕ್ಕದ ಮನೆ ನವಾಯತ ಮುಸಲ್ಮಾನರದ್ದು. ಎರಡು ಮನೆಗಳ ನಡುವೆ ಒಂದು ಗಿಡ್ಡ ಗೋಡೆ, ಆ ಗೋಡೆಯ ಮೇಲೆ ಯಾವಾಗಲೂ ಯಾರದೋ ಒಂದು ಡಬ್ಬಿ.

ನಮ್ಮವರು ಅಂಗಿಯ ಮೇಲೆ ಶಿಲುಬೆ ಹೊಲಿಸಿಕೊಂಡು ಹೋಗಿ ಆ ಪಟ್ಟಣದಲ್ಲಿ ಮುಸಲ್ಮಾನರನ್ನೂ ಯೆಹೂದ್ಯರನ್ನೂ ಹೇಗೆ ಕಡಿದು ಹಾಕಿದರು ಎಂದು ನಾನು ಹೇಳುತ್ತಿದ್ದೆ. ಆಗಲೇ ಪಕ್ಕದ ಮನೆಯ ಭಾಬಿ ಶಾವಿಗೆ ಬಿರಿಯಾನಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು. ಎಲ್ಲರ ಮುಖ ಬಿಳಿಚಿತು. ಅಂಕಲ್ ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಟ್ಟರು.

"ಎಂತ ಓದ್ತಾ ಇದ್ದೀರಿ?" ಎಂದಳು ಭಾಬಿ.

"ಅಡುಗೆ," ಎಂದಳು ನರ್ಸು.

ನನಗೆ ತಡೆಯಲಾಗಲಿಲ್ಲ. ಆ ಕಾಲದಲ್ಲಿ ಕೊಂದರು, ಈ ಕಾಲದಲ್ಲಿ ಸುಳ್ಳು ಹೇಳುತ್ತಾರೆ. ಅದೂ ಬಿರಿಯಾನಿ ತಂದವಳ ಮುಖಕ್ಕೆ! "ಅಡುಗೆ ಅಲ್ಲ ಭಾಬಿ," ಎಂದೆ ಗಟ್ಟಿಯಾಗಿ. "ಜೆರುಸಲೇಮಿನ ಯುದ್ಧ. ನಮ್ಮವರು ಅಲ್ಲಿ ನಿಮ್ಮವರನ್ನ ಕೊಂದದ್ದು. ಅದು ತಪ್ಪು ಅಂತ ಓದ್ತಾ ಇದ್ದೇವೆ."

ಭಾಬಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಉಸಿರು ಬಿಟ್ಟಳು.

"ಓ, ಅದಾ! ನನ್ನ ಮಗಳ ಪುಸ್ತಕದಲ್ಲೂ ಅದೆ. ಕಾರಣಗಳು, ಪರಿಣಾಮಗಳು ಎಲ್ಲ ನಾನೇ ಬಾಯಿಪಾಠ ಮಾಡಿಸಿದ್ದು. ಯುದ್ಧ ಆದ್ರೆ ಓದಿ, ಅಡ್ಡಿಲ್ಲ. ಈ ಮನೆಯ ಸಾರು ಉಂಡವಳು ನಾನು, ಇಲ್ಲಿ ಅಡುಗೆ ಕಲಿಸ್ತಾರೆ ಅಂದಾಗ ಮಾತ್ರ ನಂಗೆ ಎದೆ ಧಸಕ್ ಅಂತು."

ಚೀಟಿ

ಹೊನ್ನಾವರದಲ್ಲಿ ಪಾಠ ನಮ್ಮ ಮನೆಯಲ್ಲೇ. ಆ ವಾರ ಯುರೋಪಿನಲ್ಲಿ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಚೀಟಿ ಮಾರುತ್ತಿದ್ದ ಕಾಲದ ವಿಷಯ. ಪುಕ್ಕಟೆ ಸಿಗುವ ದೇವರ ಕೃಪೆಯನ್ನು ಹೇಗೆ ಸಂತೆಗೆ ತಂದರು, ಬಡವರು ಸತ್ತ ತಾಯಿಯ ಆತ್ಮಕ್ಕೆಂದು ಹೇಗೆ ತಮ್ಮ ಊಟದ ಕಾಸನ್ನು ಸುರಿದರು ಎಂದು ಹೇಳುತ್ತಾ ಹೇಳುತ್ತಾ ಮೇಜು ಗುದ್ದಿದೆ. "ಕೃಪೆಯನ್ನು ಹರಿದು ಹರಿದು ಮಾರಿದರು!" ಎಂದೆ.

ಪರ್ರ್ ಎಂದು ಹಿಂದಿನ ಸಾಲಿನಲ್ಲಿ ಹರಿದ ಸದ್ದು ಕೇಳಿತು.

ನೋಡಿದರೆ ನಮ್ಮ ಇಗರ್ಜಿ ಕಮಿಟಿಯ ಸೆಕ್ರೆಟರಿ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಹಬ್ಬದ ಲಕ್ಕಿ ಡ್ರಾ ಟಿಕೆಟು ಹರಿದು ಹರಿದು ನರ್ಸಿನ ಕೈಗೆ ಕೊಡುತ್ತಿದ್ದಾನೆ!

"ಎಂತ ಮಾಡ್ತಿದ್ದಿ ನೀನು?" ಎಂದು ಕಿರುಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಅವನಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. "ಸಿಟ್ಟು ಮಾಡ್ಬೇಡಿ ಟೀಚರ್," ಎಂದ. "ಇದು ಪಾಪಕ್ಕಲ್ಲ, ಮಿಕ್ಸರಿಗೆ."

ವಂಶಾವಳಿ

ಪೋರ್ಚುಗೀಸರು ಗೋವೆಗೆ ಬಂದದ್ದು, ಅಲ್ಲಿ ನಡೆದ ಮತಾಂತರ, ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ಕಾಟ, ಅಲ್ಲಿಂದ ನಮ್ಮ ಹಿರಿಯರು ಈ ಕರಾವಳಿಗೆ ಇಳಿದದ್ದು. ಈ ಪಾಠಕ್ಕೆ ನಾನು ತುಂಬಾ ದಿನದಿಂದ ತಯಾರಿ ಮಾಡಿಕೊಂಡಿದ್ದೆ. ಇದು ನಮ್ಮದೇ ಕತೆ. ಕೂತವರು ಅಳಬಹುದು ಎಂದು ಕೂಡ ಅಂದುಕೊಂಡಿದ್ದೆ.

ಸೆಕ್ರೆಟರಿ ಬಾಯಿ ತೆಗೆದ. "ನಮ್ಮವರು ಮೂಲದಲ್ಲಿ ಬ್ರಾಹ್ಮಣರು ಟೀಚರ್."

"ನಮ್ಮವರೂ," ಎಂದರು ಅಂಕಲ್.

ನರ್ಸಿನ ಮನೆಯವರೂ ಅಂತೆ. ಒಬ್ಬರಾದ ಮೇಲೆ ಒಬ್ಬರು, ಇಡೀ ಕೋಣೆಗೆ ಕೋಣೆಯೇ ಬ್ರಾಹ್ಮಣರಾಯಿತು. ಜಾತಿಯ ಗೋಡೆಯನ್ನು ಯೇಸು ಕೆಡವಿದ ಎಂದು ಅದೇ ದಿನ ಬೆಳಗ್ಗೆ ಇಗರ್ಜಿಯ ಪೂಜೆಯಲ್ಲಿ ಕೇಳಿ ಬಂದವರು ಇವರು! "ಹಾಗಾದ್ರೆ ಗೋವೆಯಲ್ಲಿ ಬಲೆ ಬೀಸುವವರು, ಗದ್ದೆ ಹೂಡುವವರು, ಮಡಕೆ ಮಾಡುವವರು ಯಾರೂ ಕ್ರೈಸ್ತರಾಗ್ಲೇ ಇಲ್ವಾ? ಯೇಸುವಿನ ಶಿಷ್ಯರೇ ಮೀನು ಹಿಡಿಯುವವರು. ಅವರು ಈಗ ಬಂದ್ರೆ ನಿಮ್ಮ ಮನೆ ಹೆಣ್ಣು ಕೊಡ್ತೀರಾ ಅವರಿಗೆ?" ಎಂದು ಬೈದೆ. ಬೈದು ಬೈದು ಕೆಮ್ಮು ಬಂತು.

ಅಷ್ಟರಲ್ಲಿ ಒಳಗಿನಿಂದ ಹುರಿದ ಬಂಗಡೆಯ ತಟ್ಟೆ ಬಂತು. ಎಲ್ಲ ಕೈಗಳೂ ಒಟ್ಟಿಗೇ ಮುಂದೆ ಹೋದವು.

"ತಿನ್ನಿ ಬ್ರಾಹ್ಮಣರೇ, ತಿನ್ನಿ!" ಎಂದೆ.

ಸೆಕ್ರೆಟರಿ ಎರಡನೆಯ ಬಂಗಡೆಯ ಮುಳ್ಳು ಬಿಡಿಸುತ್ತಾ, ಒಂದಿಷ್ಟೂ ತಡವರಿಸದೆ ಹೇಳಿದ: "ಸಾರಸ್ವತರು ಟೀಚರ್, ಸಾರಸ್ವತರು. ನಮಗೆ ಮೀನು ನಡೀತದೆ."

ಫಾದರ್ ಬಂದದ್ದು

ಕುಮಟೆಯ ಪಾಠ ಹೊಳನಗದ್ದೆಯ ಒಬ್ಬ ಅಜ್ಜಿಯ ಮನೆಯಲ್ಲಿ; ನಮಗೆಲ್ಲ ಅವಳು ಮಾವ್ಶಿ, ಅಂದರೆ ಚಿಕ್ಕಮ್ಮ. ಪ್ರೀತಿಯ ಹೆಂಗಸು, ಆದರೆ ಪಾಠದ ಹೊತ್ತಿನಲ್ಲಿ ಒಲೆಯ ಮುಂದಿನಿಂದ ಏಳುವುದಿಲ್ಲ. ಅರ್ಧ ವಾಕ್ಯ ಕೇಳಿಸಿಕೊಂಡು ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾಳೆ.

ಮಧ್ಯಯುಗದಲ್ಲಿ ಸಭೆಯ ತಪ್ಪು ತಿದ್ದಬೇಕು ಎಂದು ಹೇಳಿದ ಒಬ್ಬ ಪಾದ್ರಿಯನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಮುಂದಿನ ವಾರ ಮಾವ್ಶಿಯ ಮನೆಯಲ್ಲಿ ಆ ಪಾಠ ಎಂದು ಹೇಳಿದ್ದೆ. ಎರಡು ದಿನ ಕಳೆದು ಊರಿಗೆ ಹೊಸದಾಗಿ ಬಂದ ಫಾದರಿನ ಫೋನು.

"ಟೀಚರ್, ನೀವು ಸಭೆಯ ವಿರುದ್ಧ ಕಲಿಸ್ತೀರಿ ಅಂತ ಒಂದು ದೂರು ಬಂದಿದೆ. ಗುಂಪು ನಿಲ್ಲಿಸಬೇಕಾದೀತು. ಅದನ್ನ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಆಮಂತ್ರಣ ಕೊಟ್ಟು ಹೋದರು."

"ಎಂತ ಆಮಂತ್ರಣ ಫಾದರ್?"

"'ಬರೂ ಆಯ್ತವಾರ ನಮ್ಮನೇಲಿ ಒಬ್ಬ ಪಾದ್ರಿನ ಸುಡೂದು ಅದೆ, ನೀವು ಬರ್ಲೇಬೇಕು' ಅಂದರು."

ನನಗೆ ನಗು ಬರಲಿಲ್ಲ. ದೂರು ಎಂಬ ಮಾತೇ ಕಿವಿಯಲ್ಲಿ ನಿಂತಿತ್ತು. ಇಷ್ಟು ಬಸ್ಸು ಹತ್ತಿ ಇಳಿದದ್ದು ಇದಕ್ಕಾ? "ಬನ್ನಿ ಫಾದರ್," ಎಂದೆ. "ಕೂತು ಕೇಳಿ. ಆಮೇಲೆ ಬೇಕಾದ್ರೆ ನಿಲ್ಲಿಸಿ."

ಬಂದರು. ಎಳೆಯ ಪ್ರಾಯ, ಗಂಭೀರ ಮುಖ. ದೂರು ಹೇಳಿದ್ದು ಯಾರು ಎಂದು ನನಗೆ ಆಗಲೇ ತಿಳಿಯಿತು, ಏಕೆಂದರೆ ಸೆಕ್ರೆಟರಿ ಆ ದಿನ ಮೊದಲ ಸಲ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ನಾನು ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ರಕ್ಷಣೆ ಕೊಡುತ್ತೇವೆಂದು ಮಾತು ಕೊಟ್ಟು ಕರೆಸಿದ್ದು, ಬಂದವನನ್ನು ಕತ್ತಲೆಕೋಣೆಗೆ ಹಾಕಿದ್ದು, ಹಾಡುತ್ತಾ ಹಾಡುತ್ತಾ ಅವನು ಬೆಂದದ್ದು, ಎಲ್ಲ ಹೇಳಿದೆ. "ಇದನ್ನ ಮಾಡಿದ್ದು ಹೊರಗಿನವರಲ್ಲ. ಶಿಲುಬೆ ಹಾಕಿಕೊಂಡ ನಾವೇ," ಎಂದು ಪುಸ್ತಕ ಮುಚ್ಚಿದೆ.

ಫಾದರ್ ಕೇಳಿದರು, "ಇದನ್ನ ಈ ಸಾಧಾರಣ ಜನರಿಗೆ ಯಾಕೆ ಹೇಳಬೇಕು ಟೀಚರ್?"

"ಫಾದರ್, ಒಬ್ಬೊಬ್ಬರ ಪಾಪ ಕೇಳೂಕೆ ನೀವು ಪಾಪನಿವೇದನೆಯ ಪೆಟ್ಟಿಗೆಯೊಳಗೆ ಕೂತಿರ್ತೀರಿ. ಎಲ್ಲರೂ ಸೇರಿ ಮಾಡಿದ ಪಾಪ ಎಲ್ಲಿ ಹೇಳೂದು? ಇಲ್ಲೂ ಬೇಡ ಅಂದ್ರೆ ಮತ್ತೆಲ್ಲಿ?"

ಫಾದರ್ ತಲೆ ತಗ್ಗಿಸಿ ಕೂತರು. ಅಂಕಲ್ ಕೂಡ ಕೈ ಎತ್ತಲಿಲ್ಲ. ಕೊನೆಗೆ ಫಾದರ್, "ಗುಂಪು ನಡೀಲಿ. ನಾನೂ ಬರ್ತೇನೆ," ಎಂದು ಮೆಲ್ಲಗೆ ಹೇಳಿ ಕಣ್ಣು ಒರೆಸಿಕೊಂಡರು. ನನ್ನ ಗುಂಪಿನವರ ಕಣ್ಣಲ್ಲಿ ಅಂದು ಮೊದಲ ಬಾರಿಗೆ ನೀರು ಕಂಡೆ.

ಅಡುಗೆಮನೆಯ ಪರದೆ ಸರಿಯಿತು. ಕೈಯಲ್ಲಿ ಸೌಟು ಹಿಡಿದ ಮಾವ್ಶಿ ಎಲ್ಲರನ್ನೂ ಒಮ್ಮೆ ನೋಡಿ, ಫಾದರಿನ ಮೇಲೆ ಕಣ್ಣು ನಿಲ್ಲಿಸಿ ಕೇಳಿದಳು:

"ಎಂತ, ಸುಟ್ಟು ಆತಾ? ಅಲ್ಲ, ಇನ್ನೂ ತಡ ಇದ್ರೆ ಫಾದರಿಗೆ ಮೊದ್ಲು ಚಾ ಕೊಟ್ಟುಬಿಡ್ತೆ."