ಕಾಕಾನ ಮೈಯೊಳಗಿನ ವಿಷ

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಉಳಿದಿಲ್ಲ! ತಾಟು ಮುಂದಿಟ್ಟರೆ ಸಾಕು, ಈ ಬದನೆಕಾಯಿ ಯಾವ ಊರಿನದು, ಇದಕ್ಕೆ ಔಷಧ ಹೊಡೆದು ಎಷ್ಟು ದಿನವಾಯಿತು ಎಂದು ವಿಚಾರಣೆ ಶುರು. ಪಕ್ಕದಲ್ಲಿ ಕುಳಿತವರಿಗೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಹೊನವಾಡದಲ್ಲಿ ಅವರದು ದ್ರಾಕ್ಷಿ ತೋಟವಿತ್ತು. ಅದನ್ನು ಕಡಿದು ಜೋಳ, ತೊಗರಿ ಬಿತ್ತತೊಡಗಿ ಹತ್ತು ವರ್ಷವಾಯಿತು. ನನ್ನ ಹೆಂಡತಿ ಬಸುರಿ ಎಂಬ ಸುದ್ದಿ ಮುಟ್ಟಿದ ಮರುದಿನವೇ ವಿಜಯಪುರದ ನಮ್ಮ ಮನೆಗೆ ಬಂದರು. ಬಂದವರೇ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗಿದರು.

“ಕಾಕಾರ, ಅವು ನಮ್ಮವ್ವ ಕೊಟ್ಟ ಡಬ್ಬಿ ರೀ!” ಎಂದಳು ಹೆಂಡತಿ.

“ನಿಮ್ಮವ್ವಗ ಸ್ಟೀಲಿನವು ಕೊಡಾಕ ಹೇಳವ್ವಾ. ಇದರಾಗ ಬಿಸಿ ಸಾರು ಹಾಕಿದ್ರ ಸಾರಿನ ಜೋಡಿ ಡಬ್ಬೀನೂ ಉಂಡಂಗ!”

ಮುಂದಿನ ವಾರ ನನ್ನನ್ನು ಬಬಲೇಶ್ವರದ ಸಂತೆಗೆ ಎಳೆದುಕೊಂಡು ಹೋದರು. ಹೂಕೋಸು ಮಾರುವವಳನ್ನು ಕೇಳಿದರು: “ಹುಳ ಅದಾವೇನವ್ವಾ?”

“ಒಂದೂ ಇಲ್ರಿ ಯಪ್ಪಾ!”

“ಹಂಗಾದ್ರ ಬ್ಯಾಡ. ಹುಳಾನ ಒಲ್ಲೆ ಅಂದದ್ದನ್ನ ನಾ ಯಾಕ ತಿನ್ನಲಿ?”

ಆಕೆ ನನ್ನ ಮುಖ ನೋಡಿದಳು. ನಾನು ಮೂಲಂಗಿ ನೋಡಿದೆ.

ಹೆಂಡತಿಗೆ ಎಂಟು ತಿಂಗಳಾದಾಗ ಕಾಕಾ ಊಟವನ್ನೇ ಬಿಟ್ಟರು. ಮೈಯೊಳಗಿನ ವಿಷ ತೊಳೆಯಬೇಕಂತೆ. ಒಂಬತ್ತು ದಿನ ಬರೀ ಹಾಗಲಕಾಯಿ ರಸ! ಹತ್ತನೆಯ ದಿನ ನಮ್ಮ ಮನೆಗೆ ಹೊರಟವರು ತಿಕೋಟಾ ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದರು. ಯಾರೋ ಪುಣ್ಯವಂತರು ವಿಜಯಪುರದ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು.

ನನ್ನೆದುರಿಗೇ ಡಾಕ್ಟರಮ್ಮ ಕಾಕಾನನ್ನು ಗದರಿದರು: “ಯಜಮಾನ್ರ, ಹೊಲಸು ಹೊರಗ ಹಾಕಾಕ ಮೈಯಾಗ ಲಿವರ್ ಅದ, ಕಿಡ್ನಿ ಅದಾವ. ಅವಕ್ಕ ರೊಟ್ಟಿ, ಪಲ್ಲೆ, ಮಜ್ಜಿಗಿ, ನೀರು ಹೊತ್ತಿಗೆ ಸರಿ ಕೊಡ್ರಿ. ನೀವು ಉಪವಾಸ ಬಿದ್ರ ಅವೂ ಸೋಲ್ತಾವ. ಇಷ್ಟ್ಯಾಕ ಹೆದರೀರಿ?”

ಕಾಕಾ ಗೋಡೆಯ ಕಡೆ ಹೊರಳಿದರು.

“ಇಪ್ಪತ್ತು ವರ್ಷ ದ್ರಾಕ್ಷಿಗೆ ಔಷಧ ಹೊಡದೀನ್ರಿ. ಮಾರಿಗೆ ಒಂದು ಅರಿವಿ ಕಟ್ಟಲಿಲ್ಲ. ಆ ಅಂಗಿ ನನ್ನ ಹೇಣ್ತಿ ಬರಿಗೈಲೆ ಒಗದಾಳ. ಎರಡು ಸಲ ಬಸುರು ನಿಲ್ಲಲಿಲ್ಲ ಆಕಿಗಿ. ಈಗ ಇವರ ಮನ್ಯಾಗ ಕೂಸು ಬರತೈತಿ. ಮೈ ಸ್ವಚ್ಛ ಆಗಲಾರದ ಹೆಂಗ ಎತ್ಕೊಳ್ಳಲಿ?”

ಕಾಕಾನ ಹೆಂಡತಿಗೆ, ನಮ್ಮ ಕಾಕುಗೆ, ಹಾಗಾದದ್ದು ಔಷಧದಿಂದಲೇ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ಕಾಕಾ ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡಿದ್ದರು. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

“ಈಗ ನಿಮ್ಮ ಕೈಲಿಂದ ಕೂಸಿಗೆ ಏನೂ ಹತ್ತೂದಿಲ್ರಿ,” ಎಂದರು ಡಾಕ್ಟರಮ್ಮ, ಮೆತ್ತಗೆ. ಕಾಕಾ ತಲೆಯಾಡಿಸಿದರು, ನಂಬಲಿಲ್ಲ. ಆದರೆ ಅಂದಿನಿಂದ ಊಟ ಮಾಡಿದರು.

ಮಗಳು ಹುಟ್ಟಿದಳು. ಕಾಕಾ ನೋಡಲು ಬಂದು ಬಾಗಿಲಲ್ಲೇ ನಿಂತರು, ಕೈ ಬೆನ್ನ ಹಿಂದೆ. ನನ್ನ ಹೆಂಡತಿ ಅವರನ್ನು ಕೂರಿಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿ, “ನಾ ಜಳಕ ಮಾಡಿ ಬರ್ತೀನ್ರಿ ಕಾಕಾರ, ನೋಡ್ಕೊಂಡಿರ್ರಿ,” ಎಂದು ಒಳಗೆ ಹೋದಳು.

ಕಾಕಾ ಉಸಿರೂ ಬಿಡದವರಂತೆ ಕುಳಿತರು. ಅವಳು ಬೇಕೆಂದೇ ತಡಮಾಡಿ ಬಂದಳು.