ಹಸೆ ಹಾಡಿಗೊಂದು ಸದ್ದಿಲ್ಲದ ಫ್ಯಾನು

ಫ್ಯಾನು ಎಂಬ ವಸ್ತುವಿನ ಬಗ್ಗೆ ನನಗೆ ಪಾಠ ಹೇಳುವ ಮನುಷ್ಯ ಈ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೋಟಾರ್ ವೈಂಡಿಂಗ್ ಕಲಿತು, ಅಲ್ಲೇ ಒಂದು ಸ್ವಂತ ಶೆಡ್ಡು ಮಾಡಿಕೊಂಡವನು ನಾನು. ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ನನ್ನ ಕೆಲಸ. ಸೀಲಿಂಗ್ ಫ್ಯಾನು, ಕಾರ್ಖಾನೆಯ ಎಕ್ಸಾಸ್ಟ್ ಫ್ಯಾನು, ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಹೊಗೆ ಎಳೆಯುವ ರಾಕ್ಷಸ ಫ್ಯಾನು, ಎಲ್ಲವೂ ನನ್ನ ಕೈಯಲ್ಲಿ ಸತ್ತು ಬದುಕಿವೆ. ಹೀಗಿರುವಾಗ ಅಂಗೈ ಅಗಲದ ಕಂಪ್ಯೂಟರ್ ಫ್ಯಾನು ಯಾವ ಲೆಕ್ಕ?

ವಿಷಯ ಶುರುವಾದದ್ದು ಫ್ಯಾನಿನಿಂದಲ್ಲ, ನನ್ನ ಹೆಂಡತಿ ಜಯಮ್ಮನ ಗಂಟಲಿನಿಂದ. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಧ್ವನಿ ಸರಿಹೋಗದೆ ಆಸ್ಪತ್ರೆಗೆ ಹೋದರೆ, ಒಳಗೆ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದ ಮೇಲೆ ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಡಾಕ್ಟರು ಇದನ್ನು ಬಹಳ ಮೆತ್ತಗೆ ಹೇಳಿದರು. ಹಾಸಿಗೆ ಖಾಲಿಯಾದ ಕೂಡಲೇ ಕರೆಯುತ್ತೇವೆ, ವಾರ ಹತ್ತು ದಿನ ಆಗಬಹುದು, ಅಲ್ಲಿಯವರೆಗೆ ಗಂಟಲಿಗೆ ಹೆಚ್ಚು ಕೆಲಸ ಕೊಡಬೇಡಿ ಎಂದರು.

ಬಸ್ಸು ಹತ್ತಿ ದೀಪಾಂಜಲಿ ನಗರಕ್ಕೆ ಬಂದೆವು. ಸ್ಟಾಪಿನಲ್ಲಿ ಇಳಿದ ಮೇಲೆ ಜಯಾ ಒಂದೇ ಮಾತು ಕೇಳಿದಳು.

"ರೇಖನ್ ಮದ್ವೇಲಿ ಹಸೆ ಹಾಡು ಯಾರ್ರೀ ಹೇಳೋದು?"

ರೇಖಾ ನಮ್ಮ ಒಬ್ಬಳೇ ಮಗಳು. ಅವಳ ಮದುವೆ ಆಗಲೇ ಗೊತ್ತಾಗಿತ್ತು. ಹೆಣ್ಣನ್ನು ಹಸೆಮಣೆಗೆ ಕರೆಯುವಾಗ ಹಾಡುವ ಒಂದು ಹಾಡು ಜಯಾಳ ತವರಿನಿಂದ ಬಂದದ್ದು. ಅವಳಜ್ಜಿ ಅವಳಮ್ಮನಿಗೆ ಹಾಡಿದ್ದು, ಅವಳಮ್ಮ ಅವಳಿಗೆ ಹಾಡಿದ್ದು. ನಮ್ಮ ಬೀದಿಯ ಅರ್ಧ ಹೆಣ್ಣುಮಕ್ಕಳನ್ನು ಹಸೆಗೆ ಕರೆದವಳು ನನ್ನ ಹೆಂಡತಿಯೇ. ತನ್ನ ಮಗಳ ಸರದಿ ಬರುವ ಹೊತ್ತಿಗೆ ಹೀಗಾಯಿತು.

ರೇಖಾಳೇ ಉಪಾಯ ಹೇಳಿದಳು. ಅವಳು ಮನೆಯಿಂದಲೇ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತದ ಟ್ಯೂಷನ್ ಹೇಳುತ್ತಾಳೆ. ಅದಕ್ಕೊಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರು, ಒಂದು ಒಳ್ಳೆಯ ಮೈಕು ಇದೆ. ಆಪರೇಷನ್ನಿಗೆ ಮುಂಚೆ ಅಮ್ಮನ ಹಾಡನ್ನು ರೆಕಾರ್ಡ್ ಮಾಡಿಟ್ಟು, ಮದುವೆಯ ದಿನ ಮಂಟಪದಲ್ಲಿ ಹಾಕಿಸುವುದು. ಜಯಾಳ ಮುಖಕ್ಕೆ ಅಂದು ಸ್ವಲ್ಪ ಬಣ್ಣ ಬಂತು.

ಮಾರನೆಯ ಬೆಳಿಗ್ಗೆ ಜೀರಿಗೆ ನೀರು ಕುಡಿದು ಮೈಕಿನ ಮುಂದೆ ಕುಳಿತು ನಾಲ್ಕು ಸಾಲು ಹಾಡಿದಳು. ಕೇಳಿ ನೋಡಿದರೆ ಹಾಡಿನ ಹಿಂದೆ ಗುಂಯ್ ಎಂದು ಹಿಟ್ಟಿನ ಗಿರಣಿಯ ಸದ್ದು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಫ್ಯಾನು!

"ಅಪ್ಪ, ಫೋನಲ್ಲೇ ಮಾಡ್ಬಿಡೋಣ ಬಿಡು, ಸಾಕು" ಎಂದಳು ರೇಖಾ.

ನನಗೆ ಮೈ ಉರಿಯಿತು. ಫ್ಯಾನಿನ ಸದ್ದಿಗೆ ಹೆದರಿ ಫೋನು ಹಿಡಿಯುವುದೇ? ಅದೂ ನನ್ನ ಮನೆಯಲ್ಲಿ? ನಿಮ್ಮಮ್ಮನ ಹಾಡು ಬೆಂಕಿಪೊಟ್ಟಣದ ಒಳಗಿಂದ ಬಂದ ಹಾಗೆ ಬರಬೇಕೇ ಎಂದು ಕೇಳಿದೆ. ಜಯಾ ಹೇಗಾದರೂ ಆಗಲಿ ಎಂದಳು. ಹೇಗಾದರೂ ಆಗುವುದು ನನ್ನ ಕಸುಬಿನಲ್ಲಿಲ್ಲ ಎಂದು ನಾನು ಘೋಷಿಸಿದೆ.

ಕಂಪ್ಯೂಟರನ್ನು ಪಕ್ಕದ ಕೋಣೆಯಲ್ಲಿಟ್ಟು ಉದ್ದನೆಯ ವೈರು ಎಳೆಯಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಿರಬಹುದು. ಈಗ ಎಲ್ಲರಿಗೂ ಅನ್ನಿಸುತ್ತದೆ.

ಅಂದೇ ಕಂಪ್ಯೂಟರನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶೆಡ್ಡಿಗೆ ಒಯ್ದೆ. ಮುಚ್ಚಳ ಬಿಚ್ಚಿದರೆ ಒಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ನನ್ನ ಹತ್ತಿರ ಮೋಟಾರಿನ ಹೊಟ್ಟೆಯಿಂದ ಮಸಿ ಹಾರಿಸುವ ಬ್ಲೋವರ್ ಇದೆ. ಹಿಡಿದೆ. ಧೂಳು ಹಾರಿತು. ಜೊತೆಗೆ ಆ ಪುಟ್ಟ ಫ್ಯಾನು ತನ್ನ ಆಯುಷ್ಯದಲ್ಲಿ ಎಂದೂ ತಿರುಗದಷ್ಟು ಜೋರಾಗಿ ತಿರುಗಿ, ನಿಂತಿತು. ಮನೆಗೆ ತಂದು ಹಾಕಿದರೆ ಗುಂಯ್ ಹೋಗಿ ಕೀಂಯ್ ಆಗಿತ್ತು. ಜೋರು ಗಾಳಿಗೆ ಬೇರಿಂಗ್ ಕಿತ್ತುಹೋಗಿತ್ತು.

ಬೇರಿಂಗ್ ತಾನೇ, ಗ್ರೀಸು ಕಾಣದೆ ಕೂಗುತ್ತಿದೆ ಎಂದು ಬೋರ್‌ವೆಲ್ ಪಂಪಿಗೆ ಹಾಕುವ ಗ್ರೀಸನ್ನು ಬೆರಳ ತುದಿಯಲ್ಲಿ ತೆಗೆದು ತುಂಬಿದೆ. ಸದ್ದು ಪೂರ್ತಿ ನಿಂತಿತು. ಫ್ಯಾನೂ ನಿಂತಿತು. ಒಂದೊಂದು ಸಲ ಸರಿಮಾಡಿದಾಗಲೂ ಜಯಾಳನ್ನು ಕರೆದು ಮೈಕಿನ ಮುಂದೆ ಕೂರಿಸಿ, ಒಂದೆರಡು ಸಾಲು ಹಾಡು, ಸದ್ದು ಸೇರುತ್ತದಾ ನೋಡೋಣ ಎನ್ನುತ್ತಿದ್ದೆ. ಅವಳು ಹಾಡುತ್ತಿದ್ದಳು, ರೇಖಾ ರೆಕಾರ್ಡ್ ಮಾಡುತ್ತಿದ್ದಳು. ನಾನು ಅವಳ ಪಕ್ಕ ನೆಲಕ್ಕೆ ಕೂತು, ನಮ್ಮ ಕಸುಬಿನವರು ಮಾಡುವ ಹಾಗೆ, ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ಯೂಟರಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬೇರಿಂಗ್ ಪರೀಕ್ಷೆ ಮಾಡುತ್ತಿದ್ದೆ. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟ ಹಾಗೆ. ರೋಗಿ ಬೇರೆ ಕಡೆ ಕೂತಿದ್ದಾಳೆ ಎಂಬುದು ಹೊಳೆಯಲಿಲ್ಲ.

ಕೊನೆಗೆ ಹೊಸ ಫ್ಯಾನೇ ತರುವುದೆಂದು ತೀರ್ಮಾನಿಸಿ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಎಷ್ಟು ಅಗಲ, ಎಷ್ಟು ಪಿನ್ನು, ಒಳಗೆ ಎಳೆಯುವುದಕ್ಕೋ ಹೊರಗೆ ತಳ್ಳುವುದಕ್ಕೋ ಎಂದು ಕೇಳತೊಡಗಿದ. ನಾನು ಅವನನ್ನು ಅರ್ಧಕ್ಕೇ ತಡೆದು, ಇಂಥ ನೂರು ಫ್ಯಾನು ಎಳೆಯುವ ಮೋಟಾರು ಸುತ್ತುವವನು ನಾನು ಎಂದೆ. ಅವನು ಮರ್ಯಾದೆಯಿಂದ ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ನನ್ನ ಮುಂದೆ ಸಾಲಾಗಿ ಇಟ್ಟ. ಪೆಟ್ಟಿಗೆಗಳ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದು ಪಕ್ಕದಲ್ಲಿ ಅಂಕಿ ಹಾಕಿದ್ದರು. ಅಂಕಿಗೆ ಭಾಷೆ ಬೇಕಿಲ್ಲವಲ್ಲ. ಮೋಟಾರಿನಲ್ಲಿ ಹಾರ್ಸ್‌ಪವರು ಜಾಸ್ತಿ ಇದ್ದಷ್ಟೂ ಮಾಲು ಗಟ್ಟಿ. ಹಾಗಾಗಿ ಎಲ್ಲದಕ್ಕಿಂತ ದೊಡ್ಡ ಅಂಕಿ ಇದ್ದ ಎರಡು ಫ್ಯಾನು ಆರಿಸಿದೆ. ರಸ್ತೆಯ ಗಲಾಟೆಯಲ್ಲಿ ಸದ್ದು ಗೊತ್ತಾಗಲಿಲ್ಲ, ಅಂಗೈ ಇಟ್ಟು ನೋಡಿದರೆ ಗಾಳಿ ಕೈ ನೂಕುತ್ತಿತ್ತು. ಬಣ್ಣದ ಲೈಟು ಬೇರೆ!

ಎರಡನ್ನೂ ಕಂಪ್ಯೂಟರಿನ ಕಬ್ಬಿಣದ ಡಬ್ಬಕ್ಕೆ ನಟ್ಟು ಬೋಲ್ಟು ಹಾಕಿ ಬಿಗಿದೆ. ಒಂದು ಮುಂದೆ, ಒಂದು ಹಿಂದೆ. ಸ್ವಿಚ್ ಒತ್ತಿದೆ. ಅಡುಗೆಮನೆಯಲ್ಲಿದ್ದ ಜಯಾ ಸೌಟು ಹಿಡಿದುಕೊಂಡೇ ಬಂದಳು.

"ರೀ, ಇದು ಹಸೆಗೆ ಕರಿಯೋಕಾ, ಇಲ್ಲಾ ಹೆಣ್ಣನ್ನ ಹೆಲಿಕಾಪ್ಟರಲ್ಲಿ ಕಳ್ಸೋಕಾ?"

ರೇಖಾ ಪೆಟ್ಟಿಗೆ ತಿರುಗಿಸಿ ಓದಿ ಹಣೆ ಹಿಡಿದುಕೊಂಡಳು. ನಾನು ನೋಡಿ ಆರಿಸಿದ ಅಂಕಿ ಫ್ಯಾನಿನ ಶಕ್ತಿಯದಲ್ಲ, ಸದ್ದಿನದು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದಂತೆ. ಅಂಗಡಿಯಲ್ಲಿದ್ದ ಎಲ್ಲ ಫ್ಯಾನುಗಳ ಪೈಕಿ ಅತಿ ಹೆಚ್ಚು ಗಲಾಟೆ ಮಾಡುವುದನ್ನು ನಾನು ಹುಡುಕಿ, ಜೋಡಿಯಾಗಿ ತಂದಿದ್ದೆ.

ಆದರೂ ಜಯಾ ಪರೀಕ್ಷೆಗೆಂದು ಒಂದು ಚರಣ ಹಾಡಿ, ಬಿಡಿ, ಬಂದಷ್ಟು ಬರಲಿ ಎಂದು ಮತ್ತೆ ಮೊದಲಿನಿಂದ ಹಾಡಿದಳು. ಅಂದು ಯಾಕೋ ಗಂಟಲು ಬಿಚ್ಚಿತ್ತು. ಪಕ್ಕದ ಮನೆಯ ಪುಟ್ಟಮ್ಮ ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದವರು ಹಾಗೇ ನಿಂತುಬಿಟ್ಟರು. ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಕಂಪ್ಯೂಟರು ತಾನಾಗಿಯೇ ಆರಿಹೋಯಿತು. ಡಬ್ಬ ಮುಟ್ಟಿದರೆ ದೋಸೆ ಹಂಚು. ಈ ಸಲ ಹಾಡಿದ್ದು ಒಂದಕ್ಷರವೂ ಉಳಿಯಲಿಲ್ಲ.

ನಾನು ಸೋಲಲಿಲ್ಲ. ನಮ್ಮ ಶೆಡ್ಡಿನಲ್ಲಿ ಪೂಜೆ ಮಾಡದೆ ಯಾವ ಹೊಸ ಮಿಷಿನ್ನಿಗೂ ಕರೆಂಟು ಕೊಡುವುದಿಲ್ಲ. ಅವಸರದಲ್ಲಿ ಇದಕ್ಕೆ ಮಾಡಿರಲಿಲ್ಲ. ಕಾರಣ ಸಿಕ್ಕಿತು! ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಸ್ವಿಚ್ ಹಾಕಿದೆ. ಊದುಬತ್ತಿಯ ಹೊಗೆ ಮುಂದಿನಿಂದ ಸರ್ರನೆ ಒಳಗೆ ಹೋಯಿತು. ಹಿಂದೆ ಹಿಡಿದರೆ ಅಲ್ಲಿಂದಲೂ ಒಳಗೇ ಹೋಯಿತು. ಕೈಮುಗಿದು ನಿಂತಿದ್ದ ಜಯಾ ಕಣ್ಣು ಬಿಟ್ಟು ನೋಡಿದಳು.

"ಎಲ್ಲಾ ಒಳಗೇ ಹೋಗ್ತಿದೆಯಲ್ರೀ. ಹೊರಗ್ ಬರೋದೆಲ್ಲಿ? ಕಿಟಕಿ ಮುಚ್ಚಿ ಒಲೆ ಹಚ್ಚಿದಂಗಾಯ್ತು."

ಎರಡು ಫ್ಯಾನನ್ನೂ ಒಳಮುಖವಾಗಿ ಕೂರಿಸಿದ್ದೆ. ಬಿಸಿ ಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲ. ಕಲ್ಯಾಣ ಮಂಟಪಗಳ ಹೊಗೆ ತೆಗೆಸಿದ ಮಹಾನುಭಾವ ನಾನು.

ಮತ್ತೆ ಎಸ್.ಪಿ. ರಸ್ತೆ. ಈ ಸಲ ನಾನು ಬಾಯಿ ಬಿಡಲಿಲ್ಲ. ಅಂಗಡಿಯವನೇ ದೊಡ್ಡದಾಗಿ, ನಿಧಾನವಾಗಿ ತಿರುಗುವ ಎರಡು ಫ್ಯಾನು ಕೊಟ್ಟ. ರೆಕ್ಕೆ ಅಗಲ ಇದ್ದರೆ ಓಡುವ ಅಗತ್ಯವಿಲ್ಲ, ಓಡದಿದ್ದರೆ ಸದ್ದಿಲ್ಲ ಎಂದ. ಎಕ್ಸಾಸ್ಟ್ ಫ್ಯಾನು ಹಾಕಿಸುವ ಬಾಣಸಿಗರಿಗೆ ನಾನೇ ಹೇಳುವ ಮಾತು ಅದು. ಮನೆಗೆ ಬಂದು ಒಂದನ್ನು ಒಳಮುಖ, ಒಂದನ್ನು ಹೊರಮುಖ ಮಾಡಿ ಕೂರಿಸಿದೆ. ಕಬ್ಬಿಣ ಅದುರದಂತೆ ಸೈಕಲ್ ಟ್ಯೂಬು ಕತ್ತರಿಸಿ ವಾಷರು ಕೊಟ್ಟೆ. ನಡುನಡುವೆ ಜಯಾ ಬಂದು ಹಾಡಿ ಹೋಗುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಕಂಪ್ಯೂಟರು ಓಡುತ್ತಿದೆಯೋ ಇಲ್ಲವೋ ಎಂದು ಲೈಟು ನೋಡಿ ತಿಳಿಯಬೇಕಾಯಿತು. ಅಷ್ಟು ನಿಶ್ಶಬ್ದ! ಸ್ಕ್ರೂಡ್ರೈವರಿಗೂ ಏನೂ ಕೇಳಿಸಲಿಲ್ಲ.

"ಜಯಾ, ಬಾ. ಈಗ ಹಾಡು" ಎಂದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದು ಕುಳಿತಳು. ಬಾಯಿ ತೆರೆದಳು. ಗಾಳಿ ಬಂತು. ಮತ್ತೊಮ್ಮೆ ತೆರೆದಳು. ಗಾಳಿಯೇ ಬಂತು. ನೀರು ಕುಡಿದಳು, ಕತ್ತು ಸವರಿಕೊಂಡಳು, ನನ್ನ ಕಡೆ ನೋಡಿ ಕೈ ಆಡಿಸಿದಳು. ವಾರವೆಲ್ಲ ನನ್ನ ಪರೀಕ್ಷೆಗೆಂದು ಹಾಡಿ ಹಾಡಿ, ಉಳಿದಿದ್ದಷ್ಟನ್ನೂ ಖರ್ಚು ಮಾಡಿಬಿಟ್ಟಿದ್ದಳು. ನಾಳೆ ಬೆಳಿಗ್ಗೆ ಸರಿಹೋಗುತ್ತದೆ ಎಂದು ನಾನು ಹೇಳಿದೆ. ಬೆಳಿಗ್ಗೆ ಸರಿಹೋಗುವ ಮುಂಚೆ ಆಸ್ಪತ್ರೆಯಿಂದ ಫೋನು ಬಂತು. ಹಾಸಿಗೆ ಖಾಲಿಯಾಗಿದೆ, ಹೊರಟು ಬನ್ನಿ.

ಆಟೋದಲ್ಲಿ ರೇಖಾ ಫೋನು ಹಿಡಿದು, ಅಮ್ಮ, ಒಂದೇ ಸಾಲು ಎಂದಳು. ಜಯಾ ಪ್ರಯತ್ನಪಟ್ಟಳು. ಮೈಸೂರು ರಸ್ತೆಯ ಹಾರ್ನುಗಳು ರೆಕಾರ್ಡ್ ಆದವು.

ಆಪರೇಷನ್ ಚೆನ್ನಾಗಿ ಆಯಿತು. ಅದನ್ನು ದೇವರ ದಯೆ ಎಂದೇ ಹೇಳಬೇಕು. ಜಯಾ ಮನೆಗೆ ಬಂದಳು, ಗಂಜಿಯಿಂದ ಅನ್ನಕ್ಕೆ ಬಂದಳು. ಈಗ ನನ್ನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ. ಬೈಯಬೇಕಾದರೆ ಎರಡು ಸಲ ತಟ್ಟುತ್ತಾಳೆ. ಮನೆಯಲ್ಲಿ ಕಂಪ್ಯೂಟರು ಸದ್ದಿಲ್ಲದೆ ಓಡುತ್ತಿರುತ್ತದೆ. ಅದು ಓಡುವಾಗ ನಾನು ಹೊರಗೆ ಜಗಲಿಯಲ್ಲಿ ಕೂರುತ್ತೇನೆ.

ಮದುವೆಗೆ ಮುಂಚೆ ವಿಡಿಯೋದವನು ಮನೆಗೆ ಬಂದಿದ್ದ. ರೇಖಾ ಕಂಪ್ಯೂಟರು ತೆರೆದು ಅವನಿಗೆ ಏನನ್ನೋ ಕೇಳಿಸಿದಳು. ನನ್ನ ಪರೀಕ್ಷೆಯ ತುಣುಕುಗಳನ್ನು ಅವಳು ಒಂದನ್ನೂ ಅಳಿಸದೆ ಇಟ್ಟಿದ್ದಳು. ಒಂದರಲ್ಲಿ ಎರಡು ಸಾಲು, ಇನ್ನೊಂದರಲ್ಲಿ ಒಂದು ಚರಣ. ಜೋಡಿಸಿದರೆ ಹಾಡು ಹೆಚ್ಚುಕಡಿಮೆ ಪೂರ್ತಿಯಾಗುತ್ತಿತ್ತು. ಆದರೆ ಒಂದರಲ್ಲಿ ಗುಂಯ್, ಒಂದರಲ್ಲಿ ಕೀಂಯ್, ಒಂದರಲ್ಲಿ ಹೆಲಿಕಾಪ್ಟರು. ಈ ಫ್ಯಾನಿನ ಸದ್ದಿಗೆ ಏನಾದರೂ ಮಾಡಲು ಆಗುತ್ತದೆಯೇ ಎಂದು ನಾನು ಹೆದರುತ್ತಲೇ ಕೇಳಿದೆ.

"ಫ್ಯಾನ್ ಸದ್ದಾ? ಅದೇನ್ ದೊಡ್ಡ ವಿಷ್ಯ ಅಲ್ಲ ಸಾರ್. ಸಾಫ್ಟ್‌ವೇರಲ್ಲಿ ಒಂದ್ ಒತ್ತು ಒತ್ತಿದ್ರೆ ಹೋಗ್ಬಿಡತ್ತೆ" ಎಂದ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಸಂಕೋಚಪಡುತ್ತಾ ಮುಂದುವರಿಸಿದ. "ಆದ್ರೆ ನಿಮ್ ವಾಯ್ಸ್ ತೆಗೆಯಕ್ಕಾಗಲ್ಲ ಸಾರ್. ಆಂಟಿ ವಾಯ್ಸ್ ಮೇಲೇ ಕೂತ್ಬಿಟ್ಟಿದೆ."

ಹಾಗಾದರೆ ಮಂಟಪದಲ್ಲಿ ಹಾಕಿಸುವುದು ಬೇಡವೇ ಬೇಡ ಎಂದು ನಾನು ಹೇಳಿದೆ. ಜಯಾ ಎರಡು ಸಲ ಚಪ್ಪಾಳೆ ತಟ್ಟಿದಳು. ಹಾಕಿಸುವುದೆಂದು ತೀರ್ಮಾನವಾಯಿತು.

ಮದುವೆಯ ದಿನ ರೇಖಾ ಹಸೆಮಣೆಯ ಹತ್ತಿರ ನಿಂತಳು. ನಾದಸ್ವರದವರು ನಿಲ್ಲಿಸಿದರು. ಮಂಟಪದ ಸ್ಪೀಕರುಗಳಿಂದ ಜಯಾಳ ಧ್ವನಿ ಎದ್ದಿತು. ಹಿಂದೆ ಗುಂಯ್ ಇಲ್ಲ, ಕೀಂಯ್ ಇಲ್ಲ. ಪುಟ್ಟಮ್ಮ ಕಣ್ಣಿಗೆ ಸೆರಗು ಒತ್ತಿದರು. ಎರಡನೆಯ ಸಾಲಿಗೆ ಸ್ಪೀಕರಿನಿಂದ ನಾನು ಹೇಳಿದೆ, ಬೇರಿಂಗ್ ಹೋಗಿದೆ. ಮೂರನೆಯ ಸಾಲಿಗೆ ಹೇಳಿದೆ, ತಡಿ ತಡಿ, ಗ್ರೀಸ್ ಜಾಸ್ತಿಯಾಯ್ತು. ಬೀಗರ ಕಡೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಮಂಟಪ ನಕ್ಕಿತು. ರೇಖಾ ಅಳುತ್ತಾ ನಕ್ಕಳು. ನನ್ನ ಪಕ್ಕ ಜಯಾಳ ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವಂತೆ ಸದ್ದು ಬರುತ್ತಿರಲಿಲ್ಲ. ನಾನು ತಿರುಗಿ ನೋಡಲಿಲ್ಲ.

ಕೊನೆಯ ಚರಣಕ್ಕೆ ನಗು ನಿಂತು ಎಲ್ಲರೂ ಕೇಳತೊಡಗಿದರು. ಅವಳ ಧ್ವನಿ ಮೇಲಕ್ಕೆ ಹತ್ತಿ, ಮಗಳ ಹೆಸರು ಹಿಡಿದು ಕರೆಯುವ ಜಾಗಕ್ಕೆ ಬಂತು. ಅಲ್ಲಿ ನನ್ನ ಧ್ವನಿ ಬಹಳ ಸ್ಪಷ್ಟವಾಗಿ ಬಿತ್ತು.

"ಜಯಾ, ಸ್ವಲ್ಪ ಸುಮ್ನಿರು. ಫ್ಯಾನ್ ಸದ್ದು ಕೇಳ್ಬೇಕು."

ಸ್ಪೀಕರಿನೊಳಗಿನ ಜಯಾ ಹೆಸರು ಹೇಳುವ ಮುಂಚೆಯೇ ಸುಮ್ಮನಾದಳು. ಫ್ಯಾನಿನ ಸದ್ದನ್ನು ವಿಡಿಯೋದವನು ಪೂರ್ತಿ ತೆಗೆದುಹಾಕಿದ್ದ. ಅದೂ ಕೇಳಿಸಲಿಲ್ಲ.